ರಕ್ತನಾಳ ಬರೆದಿಟ್ಟ ಲೆಕ್ಕ

ಬಾಸ್ಟನ್ನಿನ ವೈದ್ಯ ಎಲಿಯಟ್ ಜೋಸ್ಲಿನ್ 1890ರ ದಶಕದಿಂದ ಒಂದು ಲೆಕ್ಕದ ಪುಸ್ತಕ ಇಟ್ಟಿದ್ದರು. ನೋಡಲು ಅಂಗಡಿಯವರ ಖಾತೆ ಪುಸ್ತಕದಂತೆಯೇ ಇತ್ತು. ಆದರೆ ಅದರಲ್ಲಿ ಬರೆದಿದ್ದದ್ದು ಸಕ್ಕರೆ ಕಾಯಿಲೆಯವರ ಹೆಸರು, ವಯಸ್ಸು, ತೂಕ, ಮೂತ್ರದಲ್ಲಿ ಸಿಕ್ಕ ಸಕ್ಕರೆ, ಕೊನೆಗೆ ಸತ್ತ ದಿನ ಮತ್ತು ಸಾವಿನ ಕಾರಣ. ಅವರ ಸ್ವಂತ ತಾಯಿಯ ಹೆಸರೂ ಆ ಪುಸ್ತಕದಲ್ಲಿತ್ತು. ಮೊದಲ ಕಾಲು ಶತಮಾನದ ಪುಟಗಳಲ್ಲಿ ಸಾವಿನ ಕಾರಣದ ಜಾಗದಲ್ಲಿ ಮತ್ತೆ ಮತ್ತೆ ಬರುವುದು ಒಂದೇ ಪದ: ಕೋಮಾ. ಇನ್ಸುಲಿನ್ ಇಲ್ಲದ ದೇಹ ಸಕ್ಕರೆಯನ್ನು ಬಳಸಲಾರದೆ ಕೊಬ್ಬನ್ನು ಸುಡುತ್ತದೆ, ರಕ್ತ ಆಮ್ಲವಾಗುತ್ತದೆ, ಪ್ರಜ್ಞೆ ಹೋಗುತ್ತದೆ. ಆ ಕಾಲದಲ್ಲಿ ಅರ್ಧಕ್ಕಿಂತ ಹೆಚ್ಚು ರೋಗಿಗಳು ಹೀಗೇ ಸಾಯುತ್ತಿದ್ದರು. ಇದ್ದ ಚಿಕಿತ್ಸೆ ಉಪವಾಸ. ಫ್ರೆಡರಿಕ್ ಅಲೆನ್ ಎಂಬ ವೈದ್ಯರ ಪದ್ಧತಿಯಂತೆ ಮಕ್ಕಳನ್ನು ಎಲುಬಿನ ಹಂದರವಾಗುವ ತನಕ ಹಸಿವಿನಲ್ಲಿಟ್ಟು ಒಂದೆರಡು ವರ್ಷ ಆಯುಷ್ಯ ಎಳೆಯುತ್ತಿದ್ದರು.

1922ರ ಜನವರಿ 11ರಂದು ಟೊರೊಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಇನ್ಸುಲಿನ್ನಿನ ಮೊದಲ ಚುಚ್ಚುಮದ್ದು ಕೊಟ್ಟರು. ಬ್ಯಾಂಟಿಂಗ್, ಬೆಸ್ಟ್, ಮ್ಯಾಕ್‌ಲಿಯೋಡ್, ಕಾಲಿಪ್ ಈ ನಾಲ್ವರ ಕತೆ, ಅವರ ಜಗಳ, ಮರುವರ್ಷದ ನೊಬೆಲ್ ಎಲ್ಲ ಚೆನ್ನಾಗಿ ಗೊತ್ತಿರುವುದೇ. ಅಷ್ಟಾಗಿ ಗೊತ್ತಿಲ್ಲದ ಕತೆ ಅಲ್ಲಿಂದ ಮುಂದಿನದು. ಕೋಮಾದಿಂದ ಪಾರಾದವರು ಬದುಕಿದರು, ಕೆಲಸಕ್ಕೆ ಹೋದರು, ಮದುವೆಯಾದರು, ಮಕ್ಕಳನ್ನು ಹೆತ್ತರು. ಆಮೇಲೆ, ಹತ್ತೋ ಇಪ್ಪತ್ತೋ ವರ್ಷಕ್ಕೆ, ಹೃದಯಾಘಾತದಿಂದ, ಲಕ್ವದಿಂದ, ಕಾಲು ಕೊಳೆತು, ಮೂತ್ರಪಿಂಡ ಸೋತು ಸತ್ತರು. ಜೋಸ್ಲಿನ್ 1927ರ ಹೊತ್ತಿಗೇ ಇದನ್ನು ಕಂಡಿದ್ದರು. ಹಿಂದೆ ಕೋಮಾದಿಂದ ಸಾಯುತ್ತಿದ್ದವರು ಈಗ ರಕ್ತನಾಳ ಗಟ್ಟಿಯಾಗಿ ಸಾಯುತ್ತಿದ್ದಾರೆ ಎಂಬರ್ಥದಲ್ಲಿ ಬರೆದರು. 1962ರಲ್ಲಿ, 92ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ಅವರ ಚಿಕಿತ್ಸಾಲಯದ ಲೆಕ್ಕದಲ್ಲಿ ಕೋಮಾದ ಸಾವು ನೂರಕ್ಕೆ ಒಂದರ ಆಸುಪಾಸಿಗೆ ಇಳಿದಿತ್ತು. ರಕ್ತನಾಳಗಳ ಸಾವು ಸುಮಾರು ಮುಕ್ಕಾಲು ಪಾಲಿಗೆ ಏರಿತ್ತು.

ಇನ್ಸುಲಿನ್ ಸೋತಿತು ಎಂದು ಇದರ ಅರ್ಥವಲ್ಲ. ರೋಗಕ್ಕೆ ಇನ್ನೊಂದು ಮುಖವಿತ್ತು, ಅದು ತೋರಬೇಕಾದರೆ ರೋಗಿ ಅಷ್ಟು ಕಾಲ ಬದುಕಬೇಕಿತ್ತು. ಆಗ ಎದ್ದ ಪ್ರಶ್ನೆ ಕೇಳಲು ಸರಳ: ಸಕ್ಕರೆಯನ್ನು ಸರಿಯಾಗಿ ಇಳಿಸಿದರೆ ರಕ್ತನಾಳ ಉಳಿಯುತ್ತದೆಯೇ? ಉತ್ತರ ಹುಡುಕಲು ವೈದ್ಯಲೋಕಕ್ಕೆ ಎಂಬತ್ತು ವರ್ಷ ಬೇಕಾಯಿತು, ಮತ್ತು ಸಿಕ್ಕ ಉತ್ತರ ಯಾರೂ ಎಣಿಸಿದಂತೆ ಇರಲಿಲ್ಲ.

ರಕ್ತನಾಳದೊಳಗೆ ಏನು ಕೂಡಿಕೊಳ್ಳುತ್ತದೆ ಎಂಬುದು ಅಷ್ಟರಲ್ಲಿ ಸ್ವಲ್ಪ ತಿಳಿದಿತ್ತು. 19ನೆಯ ಶತಮಾನದ ನಡುವೆ ಜರ್ಮನಿಯ ರುಡಾಲ್ಫ್ ವಿರ್ಖೋವ್ ಅದನ್ನು ನಾಳದ ಗೋಡೆಯ ಉರಿಯೂತವೆಂದು ನೋಡಿದ್ದರು. 1913ರಲ್ಲಿ ರಷ್ಯದ ನಿಕೊಲಾಯ್ ಅನಿಚ್‌ಕೊವ್ ಮೊಲಗಳಿಗೆ ಕೊಲೆಸ್ಟೆರಾಲ್ ತಿನ್ನಿಸಿ ಅವುಗಳ ನಾಳಗಳಲ್ಲಿ ಅಂಥದೇ ಗಂಟು ಬರಿಸಿದರು. ವೈದ್ಯರು ಪ್ಲಾಕ್ ಎನ್ನುವುದು ಇದನ್ನೇ. ಪೈಪಿನೊಳಗೆ ಕಟ್ಟಿದ ಜಿಡ್ಡು ಎಂದು ಇದನ್ನು ಹೇಳಿಕೊಡುವುದು ರೂಢಿ, ಆದರೆ ಆ ಹೋಲಿಕೆ ದಾರಿ ತಪ್ಪಿಸುತ್ತದೆ. ಪ್ಲಾಕ್ ನಾಳದ ಗೋಡೆಯ ಒಳಗೇ ಬೆಳೆಯುತ್ತದೆ. ಕೊಲೆಸ್ಟೆರಾಲ್ ಹೊತ್ತ ಕಣಗಳು ಒಳಪದರ ದಾಟಿ ಸಿಕ್ಕಿಬೀಳುತ್ತವೆ. ಅವನ್ನು ಗುಡಿಸಲು ರಕ್ತದಿಂದ ಬಿಳಿಕಣಗಳು ಬರುತ್ತವೆ, ತಿಂದು ತಿಂದು ಊದಿಕೊಳ್ಳುತ್ತವೆ, ಕೆಲವು ಅಲ್ಲೇ ಸಾಯುತ್ತವೆ. ಸತ್ತ ಕಣಗಳ ಕೊಳೆಯ ಮೇಲೆ ನಾಳದ ಸ್ನಾಯುಕಣಗಳು ನಾರಿನ ಮುಚ್ಚಳ ನೇಯುತ್ತವೆ. ಮುಚ್ಚಳ ಗಟ್ಟಿಯಿದ್ದರೆ ವರ್ಷಗಟ್ಟಲೆ ತೊಂದರೆಯಿಲ್ಲ. ತೆಳುವಾಗಿ ಹರಿದರೆ ಒಳಗಿನ ಕೊಳೆ ರಕ್ತಕ್ಕೆ ತಾಗಿ ನಿಮಿಷಗಳಲ್ಲಿ ಹೆಪ್ಪು ಕಟ್ಟುತ್ತದೆ. ಹೃದಯದ ನಾಳದಲ್ಲಾದರೆ ಹೃದಯಾಘಾತ, ಮಿದುಳಿನ ನಾಳದಲ್ಲಾದರೆ ಲಕ್ವ.

ಪ್ಲಾಕ್ ಎಂದರೆ ವಾಸಿಯಾಗದ ಗಾಯ ಎಂದರೂ ಸರಿಯೇ. ಸಕ್ಕರೆ ಕಾಯಿಲೆಯವರ ಕಾಲಿನ ಗಾಯ ಮಾಯುವುದಿಲ್ಲ ಎಂಬುದು ಎಲ್ಲರ ಮನೆಯಲ್ಲೂ ಗೊತ್ತಿರುವ ಮಾತು. ಎದೆಯೊಳಗಿನ ನಾಳಕ್ಕೂ ಆ ಮಾತು ಅನ್ವಯಿಸುತ್ತದೆ ಎಂದು ತಿಳಿಯುವುದು ತಡವಾಯಿತು.

ಅಪಾಯ ಎಷ್ಟು ಎಂದು ಎಣಿಸಿ ತೋರಿಸಿದ್ದು ಫ್ರೇಮಿಂಗ್‌ಹ್ಯಾಮ್. ಮ್ಯಾಸಚೂಸೆಟ್ಸ್ ರಾಜ್ಯದ ಆ ಸಣ್ಣ ಊರಿನಲ್ಲಿ 1948ರಿಂದ 5,209 ಜನರನ್ನು ಎರಡೆರಡು ವರ್ಷಕ್ಕೊಮ್ಮೆ ಪರೀಕ್ಷಿಸುತ್ತ ಬಂದರು. 1979ರಲ್ಲಿ ವಿಲಿಯಂ ಕ್ಯಾನೆಲ್ ಮತ್ತು ಡೇನಿಯಲ್ ಮೆಗೀ ಇಪ್ಪತ್ತು ವರ್ಷದ ಲೆಕ್ಕ ಪ್ರಕಟಿಸಿದರು. ಮಧುಮೇಹಿಗಳಿಗೆ ರಕ್ತನಾಳದ ಕಾಯಿಲೆಯ ಅಪಾಯ ಎರಡರಿಂದ ಮೂರು ಪಟ್ಟು ಹೆಚ್ಚು. ರಕ್ತದೊತ್ತಡ, ಕೊಲೆಸ್ಟೆರಾಲ್, ಸಿಗರೇಟು ಎಲ್ಲವನ್ನೂ ಕಳೆದ ಮೇಲೂ ಒಂದಷ್ಟು ಅಪಾಯ ಉಳಿಯುತ್ತಿತ್ತು. ಹೆಂಗಸರಿಗಂತೂ ಹೊಡೆತ ಇನ್ನೂ ಜೋರು. ಸಾಮಾನ್ಯವಾಗಿ ಗಂಡಸರಿಗಿಂತ ತಡವಾಗಿ ಹೃದ್ರೋಗ ಬರುವುದು ಹೆಂಗಸರಿಗೆ ಪ್ರಕೃತಿ ಕೊಟ್ಟ ರಿಯಾಯಿತಿ. ಮಧುಮೇಹ ಅದನ್ನು ಬಹುಮಟ್ಟಿಗೆ ಕಿತ್ತುಕೊಳ್ಳುತ್ತಿತ್ತು. ಜೊತೆಗೆ ನರಗಳು ಮಂಕಾದ ರೋಗಿಗಳಲ್ಲಿ ಎದೆನೋವೇ ಇಲ್ಲದೆ ಹೃದಯಾಘಾತವಾಗಿ ಹೋಗಿರುವುದು ಇಸಿಜಿಯಲ್ಲಿ ಆಮೇಲೆ ಕಾಣುತ್ತಿತ್ತು. ಗ್ಯಾಸು, ಸುಸ್ತು ಎಂದುಕೊಂಡು ಮಲಗಿದ ಎಷ್ಟೋ ಸಂಜೆಗಳು ಹಾಗಿರಬಹುದು.

ಅಪಾಯ ಗೊತ್ತಾಯಿತು. ಸಕ್ಕರೆ ಇಳಿಸಿದರೆ ಅದು ಇಳಿಯುತ್ತದೆಯೇ ಎಂದು ನೋಡಲು ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ಸೇರಿ 1961ರಲ್ಲೇ ಒಂದು ಪ್ರಯೋಗ ಹೂಡಿದ್ದವು. ಯುಜಿಡಿಪಿ ಎಂದು ಅದರ ಹೆಸರು. ಒಂದು ಸಾವಿರದಷ್ಟು ರೋಗಿಗಳು. ಕೆಲವರಿಗೆ ಇನ್ಸುಲಿನ್, ಕೆಲವರಿಗೆ ಆಗ ಹೊಸತಾಗಿದ್ದ ಟಾಲ್ಬುಟಮೈಡ್ ಮಾತ್ರೆ, ಕೆಲವರಿಗೆ ಔಷಧವೇ ಇಲ್ಲದ ಹುಸಿಮಾತ್ರೆ. 1970ರಲ್ಲಿ ಫಲಿತಾಂಶ ಹೊರಬಿದ್ದಾಗ ಬೆಚ್ಚಿಬೀಳುವಂತಿತ್ತು. ಟಾಲ್ಬುಟಮೈಡ್ ತೆಗೆದುಕೊಂಡ 204 ಜನರಲ್ಲಿ 26 ಮಂದಿ ಹೃದಯ, ರಕ್ತನಾಳದ ಕಾರಣದಿಂದ ಸತ್ತಿದ್ದರು. ಹುಸಿಮಾತ್ರೆಯ 205 ಜನರಲ್ಲಿ 10 ಮಂದಿ. ಇನ್ಸುಲಿನ್ ಪಡೆದವರ ನಾಳಗಳಿಗೂ ಹುಸಿಮಾತ್ರೆಯವರಿಗಿಂತ ಹೆಚ್ಚಿನ ಲಾಭವೇನೂ ಕಾಣಲಿಲ್ಲ.

ಮುಂದೆ ನಡೆದದ್ದು ವಿಜ್ಞಾನಕ್ಕಿಂತ ಕೋರ್ಟು ಕಚೇರಿಯ ಕತೆ. ಫಲಿತಾಂಶ ವೈದ್ಯರ ಕೈ ಸೇರುವ ಮೊದಲೇ ಪತ್ರಿಕೆಗಳಿಗೆ ಸಿಕ್ಕಿತು. ಮಾತ್ರೆ ನುಂಗುತ್ತಿದ್ದವರು ಹೆದರಿ ವೈದ್ಯರಿಗೆ ಫೋನ್ ಮಾಡತೊಡಗಿದರು. ಇತ್ತ ವೈದ್ಯರಿಗೆ ಸುದ್ದಿಯೇ ಗೊತ್ತಿಲ್ಲ. ಜೋಸ್ಲಿನ್ ಕಟ್ಟಿದ ಬಾಸ್ಟನ್ನಿನ ವೈದ್ಯರೂ ಸೇರಿದಂತೆ ಹಲವರು ಪ್ರಯೋಗವನ್ನೇ ಅಲ್ಲಗಳೆದರು. ಸಮಿತಿ ಕಟ್ಟಿಕೊಂಡು ನ್ಯಾಯಾಲಯಕ್ಕೆ ಹೋದರು. ರೋಗಿಗಳ ಮೂಲ ದಾಖಲೆ ನಮಗೂ ಕೊಡಿ ಎಂಬ ವ್ಯಾಜ್ಯ 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ತನಕ ಏರಿ ಅಲ್ಲಿ ಸೋತಿತು. ಮಾತ್ರೆಯ ಮೇಲೆ ಎಚ್ಚರಿಕೆಯ ಮಾತು ಅಚ್ಚಾದದ್ದು 1984ರಲ್ಲಿ, ಫಲಿತಾಂಶ ಬಂದ ಹದಿನಾಲ್ಕು ವರ್ಷಕ್ಕೆ. ಆ ಪ್ರಯೋಗದಲ್ಲಿ ಕುಂದುಗಳಿದ್ದವು, ನಿಜ. ಆದರೆ ಆ ಸಿಟ್ಟಿಗೆ ಬೇರೆ ಕಾರಣವೂ ಇತ್ತೆನ್ನಬೇಕು. ಸಕ್ಕರೆ ಇಳಿದರೆ ಸಾಕು, ಉಳಿದದ್ದು ತಾನಾಗಿ ಸರಿಹೋಗುತ್ತದೆ ಎಂಬ ನಂಬಿಕೆಯ ಮೇಲೆ ಇಡೀ ಚಿಕಿತ್ಸೆ ನಿಂತಿತ್ತು. ಅದು ಅಲುಗಾಡುವುದು ಯಾರಿಗೂ ಬೇಡವಾಗಿತ್ತು.

ಇದೇ ಹೊತ್ತಿಗೆ, ಈ ಜಗಳಕ್ಕೆ ಸಂಬಂಧವೇ ಇಲ್ಲದ ಟೆಹರಾನಿನಲ್ಲಿ, ಸ್ಯಾಮುಯೆಲ್ ರಹಬರ್ ಎಂಬ ವಿಜ್ಞಾನಿ ಹಿಮೋಗ್ಲೋಬಿನ್ನಿನ ಬಗೆಗಳನ್ನು ಹುಡುಕುತ್ತಿದ್ದರು. ಆಸ್ಪತ್ರೆಗಳ ಸುಮಾರು 1,200 ರೋಗಿಗಳ ರಕ್ತ ತಪಾಸಿಸುವಾಗ ಇಬ್ಬರಲ್ಲಿ ವಿಚಿತ್ರವಾದೊಂದು ಪಟ್ಟಿ ಕಂಡಿತು. ಇಬ್ಬರೂ ಮಧುಮೇಹಿಗಳು. ಕುತೂಹಲದಿಂದ ಇನ್ನಷ್ಟು ಮಧುಮೇಹಿಗಳ ರಕ್ತ ನೋಡಿದರು. 47 ಮಂದಿಯಲ್ಲಿ 47 ಮಂದಿಗೂ ಅದೇ ಪಟ್ಟಿ. 1968ರಲ್ಲಿ ಇದನ್ನು ಪ್ರಕಟಿಸಿದರು. ಸಕ್ಕರೆ ಹಿಮೋಗ್ಲೋಬಿನ್ನಿಗೆ ಹೋಗಿ ಅಂಟಿಕೊಂಡಿತ್ತು. ಸಕ್ಕರೆ ಮತ್ತು ಪ್ರೋಟೀನು ಹೀಗೆ ಅಂಟುವ ರಸಾಯನವನ್ನು ಫ್ರಾನ್ಸಿನ ಲೂಯಿ ಮೈಯಾರ್ 1912ರಲ್ಲೇ ವಿವರಿಸಿದ್ದರು. ಕಾವಲಿಯ ಮೇಲೆ ದೋಸೆ ಕೆಂಪಾಗುವುದು ಅದೇ ಕ್ರಿಯೆಯಿಂದ. ಮೈಯೊಳಗೆ ಬೆಂಕಿಯಿಲ್ಲ, ಆದ್ದರಿಂದ ಅದು ನಿಧಾನ. ಒಂದು ಕೆಂಪುಕಣ ಮೂರ್ನಾಲ್ಕು ತಿಂಗಳು ಬದುಕುತ್ತದೆ, ಅಷ್ಟು ದಿನದ ಸಕ್ಕರೆಯ ಗುರುತನ್ನು ಹೊತ್ತು ತಿರುಗುತ್ತದೆ. ಇಂದು ಪ್ರಯೋಗಾಲಯದ ಚೀಟಿಯಲ್ಲಿ ಎಚ್‌ಬಿಎ1ಸಿ ಎಂದು ಬರುವುದು ಆ ಗುರುತೇ. ನಿನ್ನೆ ರಾತ್ರಿ ಪಥ್ಯ ಮಾಡಿ ಇಂದು ಬೆಳಿಗ್ಗೆ ರಕ್ತ ಕೊಟ್ಟು ವೈದ್ಯರನ್ನು ಏಮಾರಿಸುವ ಹಳೆಯ ಉಪಾಯ ಅಲ್ಲಿಗೆ ಕೊನೆಗೊಂಡಿತು. 1979ರ ಕ್ರಾಂತಿಯ ನಂತರ ರಹಬರ್ ಇರಾನ್ ಬಿಟ್ಟು ಅಮೆರಿಕ ಸೇರಿದರು.

ಕೆಂಪುಕಣ ಸಾಯುತ್ತದೆ, ಲೆಕ್ಕ ಅಳಿಸಿ ಹೋಗುತ್ತದೆ. ರಕ್ತನಾಳದ ಗೋಡೆಯಲ್ಲಿರುವ ನಾರು ಹಾಗಲ್ಲ, ಅದು ವರ್ಷಗಟ್ಟಲೆ ಇರುತ್ತದೆ. ಅದಕ್ಕೆ ಅಂಟಿದ ಸಕ್ಕರೆ ಬದಲಾಗುತ್ತ ಬದಲಾಗುತ್ತ ಬಿಡಿಸಲಾಗದ ಕಂದು ಬೆಸುಗೆಯಾಗುತ್ತದೆ, ನಾಳ ಬಿರುಸಾಗುತ್ತದೆ. ಇಂಥ ಬೆಸುಗೆಗಳನ್ನು ಹಿಡಿಯುವ ಗ್ರಾಹಕವೊಂದು ನಾಳದ ಒಳಪದರದಲ್ಲೂ ಬಿಳಿಕಣಗಳಲ್ಲೂ ಇದೆ ಎಂದು 1990ರ ದಶಕದ ಮೊದಲಿಗೆ ಆನ್ ಮೇರಿ ಶ್ಮಿಟ್, ಡೇವಿಡ್ ಸ್ಟರ್ನ್ ಮತ್ತವರ ಜೊತೆಗಾರರು ಕಂಡುಹಿಡಿದರು. ಅದು ಒಮ್ಮೆ ಕೆರಳಿದರೆ ಉರಿಯೂತ ಆರುವುದೇ ಕಷ್ಟ.

1990ರ ದಶಕ ದೊಡ್ಡ ಪ್ರಯೋಗಗಳ ಕಾಲ. 1993ರಲ್ಲಿ ಅಮೆರಿಕದ ಡಿಸಿಸಿಟಿ ಮುಗಿಯಿತು. ಚಿಕ್ಕ ವಯಸ್ಸಿನಲ್ಲೇ ಇನ್ಸುಲಿನ್ ಪೂರ್ತಿ ನಿಂತುಹೋದ, ಅಂದರೆ ಟೈಪ್ 1 ಮಧುಮೇಹದ 1,441 ಜನ ಅದರಲ್ಲಿದ್ದರು. ಸಕ್ಕರೆಯನ್ನು ಬಿಗಿಯಾಗಿ ಹಿಡಿದವರಲ್ಲಿ ಕಣ್ಣಿನ ತೊಂದರೆ ಶುರುವಾಗುವುದು ಶೇ 76ರಷ್ಟು ಕಡಿಮೆಯಾಯಿತು, ಮೂತ್ರಪಿಂಡ ಮತ್ತು ನರಗಳೂ ಉಳಿದವು. ಸಣ್ಣ ನಾಳಗಳ ವಿಷಯ ಅಲ್ಲಿಗೆ ತೀರ್ಮಾನವಾಯಿತು. ಆ ಯುವಜನರಲ್ಲಿ ಹೃದಯಾಘಾತಗಳೇ ತೀರಾ ಕಡಿಮೆ ಇದ್ದುದರಿಂದ ದೊಡ್ಡ ನಾಳಗಳ ಬಗ್ಗೆ ಏನೂ ಹೇಳಲಾಗಲಿಲ್ಲ.

ನಡುವಯಸ್ಸಿನಲ್ಲಿ ಬರುವ ಟೈಪ್ 2 ಮಧುಮೇಹಕ್ಕೆ ಉತ್ತರ ಆಕ್ಸ್‌ಫರ್ಡಿನಿಂದ ಬರಬೇಕಿತ್ತು. ರಾಬರ್ಟ್ ಟರ್ನರ್ 1977ರಲ್ಲಿ ಶುರುಮಾಡಿದ ಯುಕೆಪಿಡಿಎಸ್ ಎಂಬ ಅಧ್ಯಯನಕ್ಕೆ 5,102 ರೋಗಿಗಳು ಸೇರಿದ್ದರು. 1998ರ ಸೆಪ್ಟೆಂಬರಿನಲ್ಲಿ ಬಾರ್ಸಿಲೋನಾದ ಸಭೆಯಲ್ಲಿ ಫಲಿತಾಂಶ ಓದಿದರು. ಸಣ್ಣ ನಾಳಗಳ ತೊಂದರೆ ಶೇ 25 ಕಡಿಮೆ. ಹೃದಯಾಘಾತ ಶೇ 16 ಕಡಿಮೆ, ಆದರೆ ಆ ವ್ಯತ್ಯಾಸ ಆಕಸ್ಮಿಕವಲ್ಲ ಎಂದು ಹೇಳಲು ಸಂಖ್ಯಾಶಾಸ್ತ್ರ ಎಳೆಯುವ ಗೆರೆಯನ್ನು ಕೂದಲೆಳೆಯಷ್ಟರಲ್ಲಿ ಮುಟ್ಟಲಿಲ್ಲ. ಅದೇ ಅಧ್ಯಯನದಲ್ಲಿ ರಕ್ತದೊತ್ತಡವನ್ನು ಬಿಗಿಯಾಗಿ ಹಿಡಿದವರಲ್ಲಿ ಲಕ್ವ ಶೇ 44 ಕಡಿಮೆಯಾಗಿತ್ತು. ಅದೇ ವರ್ಷ ಫಿನ್ಲೆಂಡಿನ ಅಂಕಿಗಳನ್ನಿಟ್ಟುಕೊಂಡು ಸ್ಟೀವನ್ ಹಾಫ್‌ನರ್ ಮತ್ತವರ ಸಂಗಡಿಗರು ಇನ್ನೊಂದು ಬಾಂಬು ಹಾಕಿದರು. ಹಿಂದೆಂದೂ ಹೃದಯಾಘಾತವಾಗದ ಮಧುಮೇಹಿಗಳಲ್ಲಿ ಏಳು ವರ್ಷದಲ್ಲಿ ಶೇ 20.2 ಮಂದಿಗೆ ಹೃದಯಾಘಾತವಾಯಿತು. ಮಧುಮೇಹವಿಲ್ಲದ, ಆದರೆ ಒಮ್ಮೆ ಹೃದಯಾಘಾತವಾಗಿದ್ದವರಲ್ಲಿ ಶೇ 18.8. ಸಕ್ಕರೆ ಕಾಯಿಲೆ ಬಂದವರನ್ನು ಆಗಲೇ ಹೃದ್ರೋಗಿಗಳೆಂದು ನೋಡಬೇಕು ಎಂಬ ಮಾತು ಅಲ್ಲಿಂದ ಹಬ್ಬಿತು. ಮುಂದಿನ ಅಧ್ಯಯನಗಳು ಅದನ್ನು ಎಲ್ಲರಿಗೂ ಹಾಗೆಯೇ ಒಪ್ಪಲಿಲ್ಲ. ಕಾಯಿಲೆ ಬಂದು ಎಷ್ಟು ವರ್ಷವಾಯಿತು ಎಂಬುದರ ಮೇಲೆ ಅಪಾಯ ಬಹಳ ಬದಲಾಗುತ್ತದೆ.

ಹಾಗಾದರೆ ಇನ್ನೂ ಬಿಗಿ ಹಿಡಿಯೋಣ ಎಂದು ಹೊರಟದ್ದು ಅಕಾರ್ಡ್ ಪ್ರಯೋಗ. ಅಮೆರಿಕ ಮತ್ತು ಕೆನಡಾದ 10,251 ಜನ, ಹೆಚ್ಚಿನವರಿಗೆ ಹತ್ತು ವರ್ಷದ ಹಳೆಯ ಕಾಯಿಲೆ, ಹೃದಯವೂ ಅಷ್ಟಕ್ಕಷ್ಟೆ. ಅರ್ಧ ಜನರ ಎಚ್‌ಬಿಎ1ಸಿಯನ್ನು ಆರೋಗ್ಯವಂತರಂತೆ 6ಕ್ಕಿಂತ ಕೆಳಗೆ ತರುವ ಗುರಿ. ಇನ್ಸುಲಿನ್, ಮಾತ್ರೆ, ಇನ್ನಷ್ಟು ಮಾತ್ರೆ, ಏನು ಬೇಕೋ ಎಲ್ಲ ಕೊಟ್ಟರು. ಅಂಕಿ ಇಳಿಯಿತು. 2008ರ ಫೆಬ್ರವರಿಯಲ್ಲಿ ಪ್ರಯೋಗದ ಆ ಭಾಗವನ್ನು ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. ಬಿಗಿ ಹಿಡಿದ ಗುಂಪಿನಲ್ಲಿ 257 ಸಾವು, ಸಡಿಲ ಬಿಟ್ಟ ಗುಂಪಿನಲ್ಲಿ 203. ಸಕ್ಕರೆಯನ್ನು ಚೆನ್ನಾಗಿ ಇಳಿಸಿಕೊಂಡವರ ಗುಂಪಿನಲ್ಲೇ ಹೆಚ್ಚು ಮಂದಿ ಸತ್ತಿದ್ದರು. ಏಕೆಂಬುದಕ್ಕೆ ಎಲ್ಲರೂ ಒಪ್ಪುವ ಕಾರಣ ಇಂದಿಗೂ ಇಲ್ಲ.

ಈ ಗೊಂದಲವನ್ನು ಅರ್ಥಮಾಡಿಕೊಳ್ಳುವ ದಾರಿ ಹಳೆಯ ಎರಡು ಅಧ್ಯಯನಗಳಿಂದಲೇ ಬಂತು. ಡಿಸಿಸಿಟಿ ಮುಗಿದ ಮೇಲೂ ಆ ರೋಗಿಗಳನ್ನು ಬಿಡದೆ ನೋಡುತ್ತ ಹೋಗಿದ್ದರು. ಪ್ರಯೋಗ ಮುಗಿದ ಕೆಲವೇ ವರ್ಷದಲ್ಲಿ ಎರಡೂ ಗುಂಪಿನ ಸಕ್ಕರೆ ಒಂದೇ ಮಟ್ಟಕ್ಕೆ ಬಂದಿತ್ತು, ಎಚ್‌ಬಿಎ1ಸಿ 8ರ ಸುಮಾರು. ಆದರೂ 2005ರ ಲೆಕ್ಕದಲ್ಲಿ, ಹಿಂದೊಮ್ಮೆ ಆರೂವರೆ ವರ್ಷ ಬಿಗಿ ಹಿಡಿದಿದ್ದವರಿಗೆ ಹೃದಯ, ರಕ್ತನಾಳದ ತೊಂದರೆ ಶೇ 42 ಕಡಿಮೆ ಇತ್ತು. ಯುಕೆಪಿಡಿಎಸ್‌ನಲ್ಲೂ ಹಾಗೇ. ಪ್ರಯೋಗ ನಿಂತ ಒಂದೇ ವರ್ಷದಲ್ಲಿ ಸಕ್ಕರೆಯ ವ್ಯತ್ಯಾಸ ಅಳಿಸಿಹೋಗಿತ್ತು, ಆದರೆ ಹತ್ತು ವರ್ಷ ಕಳೆದು 2008ರಲ್ಲಿ ನೋಡಿದರೆ ಮೊದಲು ಬಿಗಿ ಹಿಡಿದವರ ಹೃದಯಾಘಾತ ಶೇ 15 ಕಡಿಮೆ, ಈ ಸಲ ಗೆರೆ ದಾಟಿತ್ತು. ರಕ್ತದೊತ್ತಡದ ಲಾಭ ಮಾತ್ರ ಉಳಿದಿರಲಿಲ್ಲ. ಒತ್ತಡ ಏರಿದೊಡನೆ ಅದು ಕರಗಿಹೋಗಿತ್ತು. ಒತ್ತಡಕ್ಕೆ ಇಂದಿನ ದಿನ ಮುಖ್ಯ. ಸಕ್ಕರೆಯ ವಿಷಯದಲ್ಲಿ ರಕ್ತನಾಳ ಮೊದಮೊದಲ ವರ್ಷಗಳನ್ನು ನೆನಪಿಟ್ಟುಕೊಳ್ಳುತ್ತದೆ, ಒಳ್ಳೆಯದನ್ನೂ ಕೆಟ್ಟದ್ದನ್ನೂ. ಅಕಾರ್ಡ್‌ಗೆ ಸೇರಿದವರ ನಾಳಗಳಲ್ಲಿ ಹತ್ತು ವರ್ಷದ ಲೆಕ್ಕ ಆಗಲೇ ಬರೆದಾಗಿತ್ತು.

ನೆನಪು ಎಂದರೆ ಎಲ್ಲಿ, ಯಾವುದರಲ್ಲಿ? ಇಲ್ಲಿಂದ ಕತೆ ಶವಪರೀಕ್ಷೆಯ ಮೇಜಿಗೂ ಇಲಿಗಳ ಪಂಜರಕ್ಕೂ ಹೋಗುತ್ತದೆ.

ದೆಹಲಿಯ ಲೇಡಿ ಹಾರ್ಡಿಂಗ್ ಕಾಲೇಜಿನಲ್ಲಿ ಓದಿ ಅಮೆರಿಕಕ್ಕೆ ಹೋದ ರೇಣು ವಿರ್ಮಾನಿ ಹಠಾತ್ತನೆ ಸತ್ತವರ ಹೃದಯದ ನಾಳಗಳನ್ನು ಕೊಯ್ದು ನೋಡುವುದರಲ್ಲಿ ದಶಕಗಳನ್ನು ಕಳೆದವರು. ಅವರೂ ಜೊತೆಗಾರ ಅಲನ್ ಬರ್ಕ್ ಅವರೂ ತೋರಿಸಿದ ಒಂದು ಸಂಗತಿ: ಪ್ಲಾಕಿನ ಮುಚ್ಚಳ ಹರಿದಾಗಲೆಲ್ಲ ಮನುಷ್ಯ ಸಾಯುವುದಿಲ್ಲ. ಅನೇಕ ಸಲ ಸದ್ದಿಲ್ಲದೆ ಹರಿಯುತ್ತದೆ, ಸಣ್ಣ ಹೆಪ್ಪು ಕಟ್ಟುತ್ತದೆ, ನಾಳ ಅದನ್ನು ತೇಪೆ ಹಾಕಿ ಮುಚ್ಚುತ್ತದೆ. ಸೂಕ್ಷ್ಮದರ್ಶಕದಲ್ಲಿ ಆ ತೇಪೆಗಳು ಪದರ ಪದರವಾಗಿ ಕಾಣುತ್ತವೆ. ಪ್ರತಿ ತೇಪೆಗೂ ನಾಳ ಇನ್ನಷ್ಟು ಕಿರಿದಾಗುತ್ತದೆ. 2004ರಲ್ಲಿ ಅವರ ತಂಡ ಮಧುಮೇಹಿಗಳ ನಾಳಗಳನ್ನು ಬೇರೆಯವರ ನಾಳಗಳ ಜೊತೆ ಹೋಲಿಸಿತು. ಮಧುಮೇಹಿಗಳಲ್ಲಿ ಒಳಗಿನ ಕೊಳೆಯ ರಾಶಿ ದೊಡ್ಡದು, ಉರಿಯೂತದ ಕಣಗಳು ಹೆಚ್ಚು, ಪ್ಲಾಕ್ ನಾಳದ ತುದಿಯವರೆಗೂ ಹರಡಿದೆ, ಹರಿದು ತೇಪೆಬಿದ್ದ ಜಾಗಗಳೂ ಹೆಚ್ಚು. ಅಂದರೆ ದುರಸ್ತಿ ನಡೆಯುತ್ತಿತ್ತು. ಹರಿಯುವ ವೇಗಕ್ಕೆ ಅದು ಸಾಟಿಯಾಗುತ್ತಿರಲಿಲ್ಲ.

ಆರೋಗ್ಯವಂತ ನಾಳಕ್ಕೆ ಇನ್ನೊಂದು ಉಪಾಯವಿದೆ. 1987ರಲ್ಲಿ ಷಿಕಾಗೊದ ಸೀಮೂರ್ ಗ್ಲಾಗೊವ್ ತೋರಿಸಿದಂತೆ, ಗೋಡೆಯಲ್ಲಿ ಪ್ಲಾಕ್ ಬೆಳೆದಾಗ ನಾಳ ಹೊರಮೈಗೆ ಹಿಗ್ಗಿ ರಕ್ತದ ದಾರಿಯನ್ನು ಬಹುಕಾಲ ಮೊದಲಿನಷ್ಟೇ ಅಗಲ ಇಟ್ಟುಕೊಳ್ಳುತ್ತದೆ. ನಾಳದೊಳಗೇ ಅಲ್ಟ್ರಾಸೌಂಡ್ ಕಡ್ಡಿ ಇಳಿಸಿ ಅಳೆದ ಐದು ಪ್ರಯೋಗಗಳ ಅಂಕಿಗಳನ್ನು 2008ರಲ್ಲಿ ಒಟ್ಟುಗೂಡಿಸಿದಾಗ, ಮಧುಮೇಹಿಗಳ ನಾಳ ಹಾಗೆ ಹಿಗ್ಗುವುದು ಕಡಿಮೆ ಎಂದು ಕಂಡಿತು. ಪ್ಲಾಕ್ ಹೆಚ್ಚು ಬೆಳೆಯುತ್ತದೆ, ಜಾಗವೂ ಹಿಗ್ಗುವುದಿಲ್ಲ. ಆಂಜಿಯೋಗ್ರಾಮಿನಲ್ಲಿ ಮಧುಮೇಹಿಗಳ ನಾಳಗಳು ಉದ್ದಕ್ಕೂ ಸಣಕಲಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ಒಂದು ಕಡೆ ಸ್ಟೆಂಟ್ ಹಾಕಿದರೆ ಮುಗಿಯುವ ಕಾಯಿಲೆ ಅದಲ್ಲ. 1995ರಲ್ಲೇ ಅಮೆರಿಕದ ಸರ್ಕಾರಿ ಹೃದಯ ಸಂಸ್ಥೆ ಎಚ್ಚರಿಕೆ ಕೊಟ್ಟಿತ್ತು: ಹಲವು ನಾಳ ಕಟ್ಟಿದ ಮಧುಮೇಹಿಗಳಿಗೆ ಬಲೂನಿಗಿಂತ ಬೈಪಾಸೇ ವಾಸಿ. ಔಷಧ ಲೇಪಿಸಿದ ಸ್ಟೆಂಟುಗಳು ಬಂದ ಮೇಲೂ, 2012ರ ಫ್ರೀಡಂ ಪ್ರಯೋಗದಲ್ಲಿ ಐದು ವರ್ಷದೊಳಗೆ ಸಾವು, ಹೃದಯಾಘಾತ ಅಥವಾ ಲಕ್ವ ಸ್ಟೆಂಟಿನವರಲ್ಲಿ ಶೇ 26.6, ಬೈಪಾಸಿನವರಲ್ಲಿ ಶೇ 18.7. ಬೈಪಾಸ್ ಮಾಡಿದಾಗ ಹೊಸ ನಾಳ ಹಳೆಯ ನಾಳದ ಉದ್ದನೆಯ ಕಾಯಿಲೆಯನ್ನೇ ದಾಟಿ ಮುಂದೆ ಹೋಗಿ ಸೇರುತ್ತದೆ.

ಇನ್ನು ಇಲಿಗಳು. ನ್ಯೂಯಾರ್ಕಿನ ಎಡ್ವರ್ಡ್ ಫಿಷರ್ ಪ್ರಯೋಗಾಲಯ ಎತ್ತಿಕೊಂಡದ್ದು ಪ್ಲಾಕ್ ಬೆಳೆಯುವ ಪ್ರಶ್ನೆಗಿಂತ ಕರಗುವ ಪ್ರಶ್ನೆಯನ್ನು. ಪ್ಲಾಕ್ ಇರುವ ಇಲಿಯ ರಕ್ತದ ಕೊಲೆಸ್ಟೆರಾಲನ್ನು ಚೆನ್ನಾಗಿ ಇಳಿಸಿದರೆ ಪ್ಲಾಕಿನೊಳಗಿನ ಬಿಳಿಕಣಗಳು ಜಾಗ ಖಾಲಿ ಮಾಡುತ್ತವೆ, ಉಳಿದವು ಶಾಂತವಾಗಿ ದುರಸ್ತಿಗೆ ಇಳಿಯುತ್ತವೆ. 2011ರಲ್ಲಿ ಅವರ ತಂಡ ತೋರಿಸಿತು: ಇಲಿಗೆ ಮಧುಮೇಹವಿದ್ದರೆ, ಕೊಲೆಸ್ಟೆರಾಲ್ ಅಷ್ಟೇ ಇಳಿದರೂ, ಬಿಳಿಕಣಗಳು ಅಲ್ಲೇ ಉಳಿಯುತ್ತವೆ, ಕೆರಳಿಕೊಂಡೇ ಇರುತ್ತವೆ. 2013ರಲ್ಲಿ ಪ್ರಭಾಕರ ನಾಗರೆಡ್ಡಿ ಮತ್ತು ಜೊತೆಗಾರರು ಕಾರಣವನ್ನು ನಾಳದಿಂದ ದೂರ, ಮೂಳೆಯ ಮಜ್ಜೆಯಲ್ಲಿ ಹುಡುಕಿದರು. ರಕ್ತದಲ್ಲಿ ಸಕ್ಕರೆ ಹೆಚ್ಚಾದಾಗ ಮಜ್ಜೆ ಬೇಕಾದದ್ದಕ್ಕಿಂತ ಹೆಚ್ಚು ಬಿಳಿಕಣಗಳನ್ನು ಹೆರುತ್ತದೆ, ಅವು ಹೋಗಿ ಪ್ಲಾಕನ್ನು ತುಂಬುತ್ತವೆ, ಒಳಗಿನವು ಖಾಲಿಯಾದರೂ ಹೊರಗಿನಿಂದ ಬರುವುದು ನಿಲ್ಲುವುದಿಲ್ಲ. ಆ ಇಲಿಗಳಲ್ಲಿ ಸಕ್ಕರೆ ಇಳಿಸಿದಾಗ ಮಜ್ಜೆ ತಣ್ಣಗಾಗಿ ಪ್ಲಾಕ್ ಮಾಯತೊಡಗಿತು.

ನೆನಪಿನ ಜಾಗ ಸ್ಪಷ್ಟವಾಗಿ ತೋರಿದ್ದು 2021ರಲ್ಲಿ, ಆಕ್ಸ್‌ಫರ್ಡಿನ ರಾಬಿನ್ ಚೌಧುರಿ ಅವರ ತಂಡದ ಪ್ರಯೋಗದಲ್ಲಿ. ಮಧುಮೇಹವಿದ್ದ ಇಲಿಗಳ ಮಜ್ಜೆ ತೆಗೆದು ಸಕ್ಕರೆ ಸರಿಯಿದ್ದ ಇಲಿಗಳಿಗೆ ಕಸಿ ಮಾಡಿದರು. ಆ ಇಲಿಗಳಿಗೆ ಸಕ್ಕರೆ ಕಾಯಿಲೆ ಇಲ್ಲ, ಆದರೂ ಅವುಗಳ ನಾಳದಲ್ಲಿ ಪ್ಲಾಕ್ ಹೆಚ್ಚಾಯಿತು. ಬಿಳಿಕಣಗಳ ತಾಯಿಕಣಗಳೊಳಗೆ, ಯಾವ ಜೀನು ತೆರೆದಿರಬೇಕು, ಯಾವುದು ಮುಚ್ಚಿರಬೇಕು ಎಂಬ ಗುರುತುಗಳಲ್ಲಿ, ಹಳೆಯ ಸಕ್ಕರೆಯ ಪಾಠ ಉಳಿದಿತ್ತು. ಇಲಿಗೆ ಹೇಳಿದ್ದೆಲ್ಲ ಮನುಷ್ಯನಿಗೆ ಹೊಂದುವುದಿಲ್ಲ, ಆದರೆ ಡಿಸಿಸಿಟಿ ರೋಗಿಗಳ ಒಗಟಿಗೆ ಇದಕ್ಕಿಂತ ಹತ್ತಿರದ ಉತ್ತರ ಹೆಚ್ಚಿಲ್ಲ.

ಹಾಗೆಂದು ತಡವಾಗಿ ಗೊತ್ತಾದವರಿಗೆ ದಾರಿಯೇ ಇಲ್ಲವೆಂದಲ್ಲ. ಡೆನ್ಮಾರ್ಕಿನ ಸ್ಟೆನೊ ಆಸ್ಪತ್ರೆಯಲ್ಲಿ 1993ರಲ್ಲಿ ಬರೀ 160 ರೋಗಿಗಳನ್ನಿಟ್ಟುಕೊಂಡು ಒಂದು ಪ್ರಯೋಗ ಶುರುವಾಗಿತ್ತು. ಮೂತ್ರದಲ್ಲಿ ಪ್ರೋಟೀನು ಹೋಗತೊಡಗಿದ್ದ, ಅಂದರೆ ನಾಳಗಳು ಆಗಲೇ ಕೆಟ್ಟಿದ್ದ ಟೈಪ್ 2 ರೋಗಿಗಳು. ಅರ್ಧ ಜನರಿಗೆ ಸಕ್ಕರೆ, ಒತ್ತಡ, ಕೊಲೆಸ್ಟೆರಾಲ್, ಆಹಾರ, ನಡಿಗೆ, ಸಿಗರೇಟು ಎಲ್ಲವನ್ನೂ ಒಟ್ಟಿಗೇ ಹಿಡಿದರು. ಒಂದೊಂದು ಲಾಭವೂ ಸಣ್ಣದು, ಕೂಡಿದಾಗ ದೊಡ್ಡದಾಯಿತು. ಎಂಟು ವರ್ಷದಲ್ಲಿ ಹೃದಯ, ನಾಳದ ಅಪಾಯ ಅರ್ಧಕ್ಕೆ ಇಳಿಯಿತು. ಇಪ್ಪತ್ತೊಂದು ವರ್ಷದ ಲೆಕ್ಕದಲ್ಲಿ ಅವರು ಉಳಿದ ಅರ್ಧ ಜನರಿಗಿಂತ 7.9 ವರ್ಷ ಹೆಚ್ಚು ಬದುಕಿದ್ದರು. ಕೋಟಿಗಟ್ಟಲೆ ಡಾಲರಿನ ಪ್ರಯೋಗಗಳ ನಡುವೆ ಈ ಪುಟ್ಟ ಅಧ್ಯಯನಕ್ಕೆ ಸಿಗಬೇಕಾದ ಹೆಸರು ಸಿಕ್ಕಿಲ್ಲ.

ಮುಂದಿನ ತಿರುವು ಒಂದು ಹಗರಣದಿಂದ ಬಂತು. 2007ರಲ್ಲಿ ಸ್ಟೀವನ್ ನಿಸ್ಸೆನ್ ಮತ್ತು ಕ್ಯಾಥಿ ವುಲ್‌ಸ್ಕಿ, ಜನಪ್ರಿಯವಾಗಿದ್ದ ರೊಸಿಗ್ಲಿಟಜೋನ್ ಎಂಬ ಮಾತ್ರೆ ಸಕ್ಕರೆ ಇಳಿಸಿದರೂ ಹೃದಯಾಘಾತ ಹೆಚ್ಚಿಸುತ್ತಿರಬಹುದು ಎಂದು ಅಂಕಿ ಮುಂದಿಟ್ಟರು. ಯುಜಿಡಿಪಿ ಜಗಳ ಮತ್ತೆ ಎದ್ದು ಬಂದ ಹಾಗಾಯಿತು. ಈ ಸಲ ಹದಿನಾಲ್ಕು ವರ್ಷ ಕಾಯಲಿಲ್ಲ. ಮರುವರ್ಷವೇ ಅಮೆರಿಕದ ಔಷಧ ನಿಯಂತ್ರಕರು, ಸಕ್ಕರೆಯ ಹೊಸ ಔಷಧವೆಲ್ಲ ಹೃದಯಕ್ಕೆ ಹಾನಿಯಿಲ್ಲವೆಂದು ತೋರಿಸಬೇಕು ಎಂದರು. ಹಾಗೆ ಒತ್ತಾಯಕ್ಕೆ ನಡೆಸಿದ ಒಂದು ಪ್ರಯೋಗದ ಫಲಿತಾಂಶ 2015ರ ಸೆಪ್ಟೆಂಬರಿನಲ್ಲಿ ಸ್ಟಾಕ್‌ಹೋಮಿನ ಸಭೆಯಲ್ಲಿ ಬಂತು. ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆ ಹಾನಿ ಮಾಡದಿರುವುದಿರಲಿ, ಹೃದಯ, ನಾಳದ ಸಾವನ್ನೇ ಶೇ 38 ಇಳಿಸಿತ್ತು. ಈ ಜಾತಿಯ ಮಾತ್ರೆಗಳ ಮೂಲ ಸೇಬಿನ ಮರದ ತೊಗಟೆಯಲ್ಲಿ 1835ರಲ್ಲಿ ಸಿಕ್ಕ ಒಂದು ಕಹಿ ಪದಾರ್ಥ. ಅದು ಮೂತ್ರಪಿಂಡದಲ್ಲಿ ಸಕ್ಕರೆಯನ್ನು ಹಿಂದಕ್ಕೆ ಹೀರುವ ದಾರಿಯನ್ನು ಮುಚ್ಚುತ್ತದೆ, ಸಕ್ಕರೆ ಮೂತ್ರದಲ್ಲಿ ಹೊರಹೋಗುತ್ತದೆ. ಇರುವೆ ಮುತ್ತುವ ಮೂತ್ರವನ್ನು ಚರಕ ಸಂಹಿತೆ ರೋಗದ ಗುರುತೆಂದು ಹೇಳಿತ್ತು, ಈಗ ಅದೇ ಚಿಕಿತ್ಸೆಯ ಗುರುತು. ವಿಚಿತ್ರವೆಂದರೆ ಆ ಪ್ರಯೋಗದಲ್ಲಿ ಎರಡು ಗುಂಪುಗಳ ಸಕ್ಕರೆಯ ವ್ಯತ್ಯಾಸ ತೀರಾ ಸಣ್ಣದು. ಲಾಭ ಬಹುಪಾಲು ಬೇರೆ ದಾರಿಯಿಂದ, ಹೃದಯದ ಮೇಲಿನ ಭಾರ ಇಳಿಸಿ, ಬಂದಿತ್ತು.

ಭಾರತದಲ್ಲಿ ಈ ಲೆಕ್ಕಕ್ಕೆ ಇನ್ನೊಂದು ಅಧ್ಯಾಯವಿದೆ. ಇಲ್ಲಿಯವರಿಗೆ ಹೃದಯಾಘಾತ ಬೇಗ ಬರುತ್ತದೆ. 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯದವರ ಮೊದಲ ಹೃದಯಾಘಾತದ ಸರಾಸರಿ ವಯಸ್ಸು 53, ಬೇರೆಯವರದು 58.8. ಚೆನ್ನೈಯ ಎರಡು ಬಡಾವಣೆಗಳಲ್ಲಿ ವಿ. ಮೋಹನ್ ಅವರ ತಂಡ ನಡೆಸಿ 2001ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಹೃದಯದ ನಾಳದ ಕಾಯಿಲೆ ಸಕ್ಕರೆ ಸರಿಯಿದ್ದವರಲ್ಲಿ ಶೇ 9.1, ಮಧುಮೇಹಿಗಳಲ್ಲಿ ಶೇ 21.4. ಪುಣೆಯ ಚಿತ್ತರಂಜನ್ ಯಾಜ್ಞಿಕ್, ಲಂಡನ್ನಿನ ಗೆಳೆಯ ಜಾನ್ ಯುಡ್ಕಿನ್ ಜೊತೆ ನಿಂತ ಫೋಟೊವೊಂದನ್ನು 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಬ್ಬರ ಎತ್ತರ-ತೂಕದ ಸೂಚ್ಯಂಕ ಒಂದೇ, 22.3. ಮೈಯ ಕೊಬ್ಬು ಮಾತ್ರ ಯುಡ್ಕಿನ್ ಅವರಿಗೆ ಶೇ 9.1, ಯಾಜ್ಞಿಕ್ ಅವರಿಗೆ ಶೇ 21.2. ನೋಡಲು ತೆಳ್ಳಗೆ, ಒಳಗೆ ಕೊಬ್ಬು. ಪುಣೆಯ ಸುತ್ತಲಿನ ಹಳ್ಳಿಗಳ ನವಜಾತ ಶಿಶುಗಳಲ್ಲೂ ಅವರು ಇದನ್ನೇ ಕಂಡಿದ್ದರು.

ಲೆಕ್ಕ ಹುಟ್ಟಿನಿಂದಲೇ ಶುರುವಾಗುತ್ತದೆಯೇ ಎಂದು ನೋಡಲು ಅರವತ್ತು ವರ್ಷ ಹಳೆಯ ದಾಖಲೆ ಬೇಕು. ಅದು ಸಿಕ್ಕಿದ್ದು ಮೈಸೂರಿನಲ್ಲಿ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆಯಲ್ಲಿ, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಎಲ್ಲ ಬರೆದಿಟ್ಟಿದ್ದರು. ಇಂಗ್ಲೆಂಡಿನ ಸೌತಾಂಪ್ಟನ್ನಿನ ಡೇವಿಡ್ ಬಾರ್ಕರ್, ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ವೈದ್ಯರು ಸೇರಿ, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ ಊರಲ್ಲೇ ಉಳಿದಿದ್ದ 517 ಮಂದಿಯನ್ನು ಹುಡುಕಿ ಹೃದಯ ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಲೆಕ್ಕ: ಎರಡೂವರೆ ಕೆಜಿ ಅಥವಾ ಕಡಿಮೆ ಇದ್ದು ಹುಟ್ಟಿದವರಲ್ಲಿ ಶೇ 11 ಮಂದಿಗೆ ಹೃದಯದ ನಾಳದ ಕಾಯಿಲೆ, 3.2 ಕೆಜಿ ಮೀರಿದ್ದವರಲ್ಲಿ ಶೇ 3. ಮಧುಮೇಹ ಮಾತ್ರ ಹಾಗೆ ಸರಳವಾಗಿ ಕೂಡಿಬರಲಿಲ್ಲ. ಅದು ಹುಟ್ಟುವಾಗ ಗಿಡ್ಡಗೆ, ದುಂಡಗೆ ಇದ್ದವರಲ್ಲಿ, ತೂಕದ ತಾಯಂದಿರ ಮಕ್ಕಳಲ್ಲಿ ಹೆಚ್ಚಿತ್ತು. ಬಸಿರಿನಲ್ಲಿ ತಾಯಿಗಿದ್ದ, ಆ ಕಾಲದಲ್ಲಿ ಯಾರೂ ಪರೀಕ್ಷಿಸದ, ಸಕ್ಕರೆಯ ಕಡೆಗೆ ಅದು ಬೆರಳು ತೋರಿತು.

ಅದನ್ನು ಪರೀಕ್ಷಿಸಲು ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ 830 ಬಸುರಿಯರ ಸಕ್ಕರೆ ಅಳೆದು, ಅಲ್ಲಿ ಹುಟ್ಟಿದ ಮಕ್ಕಳನ್ನು ಜಿ.ವಿ. ಕೃಷ್ಣವೇಣಿ ಮತ್ತವರ ತಂಡ ಬೆಳೆಯುವ ತನಕ ನೋಡುತ್ತ ಹೋಯಿತು. ಬಸಿರಿನಲ್ಲಿ ಸಕ್ಕರೆ ಏರಿದ್ದ ತಾಯಂದಿರ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಐದನೆಯ ವಯಸ್ಸಿಗೇ ಹೆಚ್ಚು ಕೊಬ್ಬಿನವರಾಗಿದ್ದರು. ಒಂಬತ್ತೂವರೆ ವರ್ಷಕ್ಕೆ ಅವರ ಇನ್ಸುಲಿನ್ ಜೊತೆಯವರಿಗಿಂತ ಹೆಚ್ಚು ದುಡಿಯಬೇಕಾಗಿತ್ತು, ರಕ್ತದೊತ್ತಡವೂ ಮೇಲಿತ್ತು. ಆ ಹುಡುಗಿಯರಿಗೆ ಈಗ ತಾವೇ ತಾಯಂದಿರಾಗುವ ವಯಸ್ಸು.